ಪ್ರೋಬ್ ವಿವರ ತೆರೆಯುತ್ತಿಲ್ಲವೇ? ಮೊದಲು ಐಡಿ ನೋಡಿ, ಆಮೇಲೆ ಅಕ್ಷರ ನೋಡಿ

ಮೈಕ್ರೋಅರೇ ಅಂದರೆ ಸಾವಿರಾರು ಡಿಎನ್‌ಎ ತುಣುಕುಗಳನ್ನು ಚುಕ್ಕೆಗಳಾಗಿ ಕೂರಿಸಿದ ಗಾಜು, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯಲು. ಅರೇ, ಚಿಪ್ ಅಂತಲೂ ಕರೆಯುತ್ತಾರೆ. ಅದರ ಒಂದೊಂದು ತುಣುಕು ಒಂದು ಪ್ರೋಬ್, ಯಾವ ಪ್ರೋಬ್ ಎಲ್ಲಿದೆ ಎಂಬ ಪಟ್ಟಿಯೇ ಡಿಸೈನ್. ನಿಮ್ಮ ಹತ್ತಿರ ಒಂದು ಪ್ರೋಬ್ ಐಡಿ ಇದೆ. ಮೈಕ್ರೋಅರೇ ಡಿಸೈನ್ ಡೇಟಾಬೇಸ್ ತೆರೆದು, ಹುಡುಕುವ ಜಾಗದಲ್ಲಿ ಅದನ್ನು ಹಾಕಿ ಎಂಟರ್ ಒತ್ತಿದಿರಿ. ದಾಖಲೆ ಇಲ್ಲ ಅಂತ ಬಂತು. ಇಲ್ಲವೇ ಪುಟ ತೆರೆಯಿತು, ಆದರೆ ಜೀನ್ ಹೆಸರಿರಬೇಕಾದ ಕಡೆ ಖಾಲಿ. ಇಲ್ಲವೇ ಎಲ್ಲವೂ ಇದೆ, ಕ್ರೋಮೋಸೋಮಿನ ಮೇಲಿನ ಜಾಗ ಮಾತ್ರ ನೀವು ಓದಿದ ಪೇಪರಿಗೆ ತಾಳೆ ಆಗುತ್ತಿಲ್ಲ.

ಹೆಬ್ಬಾಳದ ಕಡೆಯ ಒಂದು ಲ್ಯಾಬಿನಲ್ಲಿ ಇಂಥ ಡೇಟಾ ನೋಡಿಕೊಳ್ಳುವುದೇ ನನ್ನ ಕೆಲಸ. ಈಗೆಲ್ಲ ಡಿಎನ್‌ಎ ಅಕ್ಷರಗಳನ್ನು ನೇರವಾಗಿ ಓದುವ ಸೀಕ್ವೆನ್ಸಿಂಗ್ ಕಾಲ, ಅರೇ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಎನ್‌ಸಿಬಿಐ ಸಂಸ್ಥೆಯ ಜಿಇಒ ಎಂಬ ಸಾರ್ವಜನಿಕ ಡೇಟಾ ಸಂಗ್ರಹ ಶುರುವಾದದ್ದು 2000ದಲ್ಲಿ. ಅಲ್ಲಿಂದ ಇಲ್ಲಿವರೆಗೆ ಜಗತ್ತಿನ ಲ್ಯಾಬುಗಳು ಹಾಕಿದ ಅರೇ ಡೇಟಾ ಅಲ್ಲಿ ರಾಶಿ ಬಿದ್ದಿದೆ. ಅದರಲ್ಲಿ ಎಷ್ಟೋ ಮಾದರಿಗಳನ್ನು ಮತ್ತೆ ತರಲು ಆಗುವುದಿಲ್ಲ. ಯಾರದೋ ಗೆಡ್ಡೆಯ ಚೂರು, ಯಾರದೋ ರಕ್ತ. ಅವರು ಕೊಟ್ಟದ್ದನ್ನು ಸರಿಯಾಗಿ ಓದುವುದು ನಮ್ಮ ಜವಾಬ್ದಾರಿ ಅಲ್ವಾ?

ಡೇಟಾಬೇಸ್ ನಿಜವಾಗಿ ಕೆಟ್ಟಿರುವುದು ಅಪರೂಪ. ಹೆಚ್ಚಿನ ಸಲ ನಾವು ಕೇಳಿದ ರೀತಿ ತಪ್ಪಿರುತ್ತದೆ, ಇಲ್ಲವೇ ನಂಬಬಾರದ ಕಾಲಂ ನಂಬಿರುತ್ತೇವೆ. ಪ್ರೋಬಿನ ವಿವರಗಳಲ್ಲಿ ಬದಲಾಗದೆ ಉಳಿಯುವುದು ಒಂದೇ: ಗಾಜಿನ ಮೇಲೆ ಕೂತಿರುವ ಡಿಎನ್‌ಎ ಅಕ್ಷರಗಳು. ಜೀನ್ ಹೆಸರು ಬದಲಾಗುತ್ತದೆ. ಜಾಗದ ನಂಬರ್ ಬದಲಾಗುತ್ತದೆ. ಕಂಪನಿಯೇ ಕೈ ಬದಲಾಗುತ್ತದೆ. ಹಾಗಾಗಿ ಯಾವ ಗೊಂದಲ ಬಂದರೂ ಕೊನೆಗೆ ಹೋಗಿ ಕೇಳಬೇಕಾದ್ದು ಆ ಅಕ್ಷರಗಳನ್ನೇ.

ಒಂದು ಮಾತು. ಇಲ್ಲಿ ಐಡಿಗಳನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಹುಡುಕುವಾಗ ಇಂಗ್ಲಿಷ್ ಅಕ್ಷರವೇ ಹಾಕಬೇಕು.

ಮೊದಲ ಎರಡು ನಿಮಿಷ

ತೊಂದರೆ ನಿಮ್ಮ ಐಡಿಯದೋ, ಲಾಗಿನ್‌ನದೋ ಎಂದು ಮೊದಲು ಬೇರೆ ಮಾಡಿಕೊಳ್ಳಿ. ಅದೇ ಡಿಸೈನಿನಲ್ಲಿ ಖಂಡಿತ ಇದೆ ಎಂದು ಗೊತ್ತಿರುವ ಇನ್ನೊಂದು ಪ್ರೋಬ್ ಹುಡುಕಿ. ನಾನು ಮಾನವ ಅರೇಗಳಿಗೆ ಎರಡು ಐಡಿ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಅಫಿಮೆಟ್ರಿಕ್ಸ್ ಕಂಪನಿಯ ಚಿಪ್ಪಿಗೆ 1007_ಎಸ್_ಎಟಿ, ಅಜಿಲೆಂಟ್ ಕಂಪನಿಯ ಚಿಪ್ಪಿಗೆ ಎ_23_ಪಿ100001. ಪರಿಚಿತ ಐಡಿ ತೆರೆದರೆ ತೊಂದರೆ ನಿಮ್ಮ ಪಟ್ಟಿಯಲ್ಲಿದೆ. ಅದೂ ತೆರೆಯದಿದ್ದರೆ ಲಾಗಿನ್, ಅನುಮತಿ ಅಥವಾ ಬ್ರೌಸರ್ ಕಡೆ ನೋಡಿ.

ಬ್ರೌಸರ್ ವಿಷಯ ಬೇಗ ಮುಗಿಸುತ್ತೇನೆ. ವಿವರದ ಪುಟ ಹೊಸ ಕಿಟಕಿಯಲ್ಲಿ ತೆರೆಯುವ ಹಾಗಿದ್ದರೆ ಪಾಪ್‌ಅಪ್ ತಡೆ ತೆಗೆಯಿರಿ. ಊಟಕ್ಕೆ ಹೋಗಿ ಬಂದಿದ್ದರೆ ಸೆಷನ್ ಮುಗಿದಿರುತ್ತದೆ, ಮತ್ತೆ ಲಾಗಿನ್ ಆಗಿ. ಚಿತ್ರ ತೋರಿಸುವ ಭಾಗ ಫ್ಲ್ಯಾಶ್‌ನಲ್ಲೋ ಜಾವಾ ಆಪ್ಲೆಟ್‌ನಲ್ಲೋ ಮಾಡಿದ್ದಾಗಿದ್ದರೆ ಸುಮ್ನೆ ಒದ್ದಾಡಬೇಡಿ. ಕ್ರೋಮ್ 2015ರಲ್ಲೇ ಜಾವಾ ಪ್ಲಗಿನ್ ಬಿಟ್ಟಿತು, ಫ್ಲ್ಯಾಶ್ 2020ರ ಕೊನೆಗೆ ನಿಂತಿತು. ಅಂಥ ಕಡೆ ಡಿಸೈನ್ ಫೈಲ್ ಇಳಿಸಿಕೊಂಡು ಅದರಲ್ಲೇ ಹುಡುಕುವುದು ದಾರಿ.

ದಾಖಲೆ ಇಲ್ಲ ಅಂದರೆ

ಒಂದು ಸಂಜೆ ನಮ್ಮ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿನಿ 40 ಪ್ರೋಬ್‌ಗಳ ಪಟ್ಟಿ ಹಿಡಿದು ಬಂದಳು. ಎರಡು ದಿನದಿಂದ ಒಂದೂ ತೆರೆದಿರಲಿಲ್ಲ. ಪಟ್ಟಿಯ ಮೊದಲ ಕಾಲಂನಲ್ಲಿ ಡಿಸೈನ್ ನಂಬರ್ ಇತ್ತು: 14850. ಅದನ್ನು ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಅಜಿಲೆಂಟ್‌ನ 4 ಗುಣಿಸು 44ಕೆ (ಒಂದು ಸ್ಲೈಡಿನಲ್ಲಿ ನಾಲ್ಕು ಅರೇ, ಒಂದೊಂದರಲ್ಲೂ ಸುಮಾರು 44 ಸಾವಿರ ಚುಕ್ಕೆ) ಮಾನವ ಅರೇಯ ಡಿಸೈನ್ ನಂಬರ್ 014850. ಮುಂದಿನ ಸೊನ್ನೆ ಸೇರಿ ಆರು ಅಂಕಿ. ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು ಸೊನ್ನೆ ನುಂಗಿತ್ತು. ಡೇಟಾಬೇಸಿಗೆ ಅದು ಸಂಖ್ಯೆ ಅಲ್ಲ, ಹೆಸರು. ಐದು ಅಂಕಿಯ ಹೆಸರಿನವರು ಯಾರೂ ಇಲ್ಲ ಎಂದು ಅದು ಹೇಳಿದ್ದು ಸರಿಯೇ.

ಸೊನ್ನೆ ಸೇರಿಸಿದೆವು. 40ರಲ್ಲಿ 31 ತೆರೆದವು, 9 ಉಳಿದವು.

ಉಳಿದ ಒಂಬತ್ತರಲ್ಲಿ ಒಂದರ ಪಕ್ಕದ ಖಾನೆಯಲ್ಲಿ ಎಕ್ಸೆಲ್‌ನ ಲೆನ್ ಫಾರ್ಮುಲಾ ಹಾಕಿದೆ. ಎ_23_ಪಿ100001 ತರಹದ ಐಡಿಗೆ ಉತ್ತರ 12 ಬರಬೇಕು. 13 ಬಂತು. ಕಣ್ಣಿಗೆ ಕಾಣದ ಒಂದು ಅಕ್ಷರ ಕೊನೆಗೆ ಕೂತಿದೆ ಅಂತ ಅರ್ಥ. ಟ್ರಿಮ್ ಹಾಕಿದೆ, ಆಗಲೂ 13. ಇಲ್ಲಿ ಎಷ್ಟೋ ಜನ ಕೈಚೆಲ್ಲುತ್ತಾರೆ. ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ ಖಾಲಿ ಜಾಗ ಮಾಮೂಲಿ ಸ್ಪೇಸ್ ಅಲ್ಲ. ಅದರ ಕೋಡ್ 160. ಟ್ರಿಮ್ ತೆಗೆಯುವುದು ಕೋಡ್ 32ರ ಮಾಮೂಲಿ ಸ್ಪೇಸ್ ಮಾತ್ರ. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ ಕೋಡ್ 160 ಕೊಟ್ಟು, ಅದರ ಬದಲು ಏನೂ ಇಡಬೇಡ ಎಂದರೆ ಹೋಗುತ್ತದೆ. ಹಾಗೆ ಮಾಡಿದ ಮೇಲೆ ಐದು ತೆರೆದವು. ನಾಲ್ಕು ಉಳಿದವು.

ಅವುಗಳಲ್ಲಿ ಎರಡು ಬರೀ ಸಂಖ್ಯೆಗಳು. ಇದು ಜಿಇಒ ಬಳಸುವವರಿಗೆ ಆಗಾಗ ಆಗುವ ಗೊಂದಲ. ಇದೇ 014850 ಅರೇ ಜಿಇಒದಲ್ಲಿ ಎರಡು ಜಿಪಿಎಲ್ ನಂಬರಿನಲ್ಲಿದೆ. ಜಿಪಿಎಲ್ ಅಂದರೆ ಜಿಇಒ ಅರೇ ಮಾದರಿಗೆ ಕೊಡುವ ಗುರುತು. ಜಿಪಿಎಲ್6480ರಲ್ಲಿ ಸಾಲಿನ ಗುರುತು ಪ್ರೋಬ್ ಹೆಸರು. ಜಿಪಿಎಲ್4133ರಲ್ಲಿ ಸಾಲಿನ ಗುರುತು ಫೀಚರ್ ನಂಬರ್, ಅಂದರೆ ಸ್ಲೈಡಿನ ಮೇಲಿನ ಚುಕ್ಕೆಯ ನಂಬರ್. ಒಂದೇ ಪ್ರೋಬ್ ಹಲವು ಚುಕ್ಕೆಗಳಲ್ಲಿ ಇರಬಹುದು. ಡಿಸೈನ್ ಯಾವುದು ಎಂದು ಹೇಳದೆ ಚುಕ್ಕೆಯ ನಂಬರ್ ಕೊಟ್ಟರೆ ಅದಕ್ಕೆ ಅರ್ಥವೇ ಇಲ್ಲ. ಆಟೋ ಹತ್ತಿ 8ನೇ ಕ್ರಾಸ್ ಅಂದರೆ ಡ್ರೈವರ್ ಏನು ಕೇಳುತ್ತಾರೆ? ಮಲ್ಲೇಶ್ವರದ್ದೋ, ಜಯನಗರದ್ದೋ ಅಂತ ಅಲ್ವಾ? ಜಿಪಿಎಲ್4133ರ ಪಟ್ಟಿ ಇಳಿಸಿಕೊಂಡು ಆ ಎರಡು ಸಂಖ್ಯೆಗಳ ಎದುರಿಗಿದ್ದ ಪ್ರೋಬ್ ಹೆಸರು ತೆಗೆದುಕೊಂಡೆವು. ಎರಡೂ ತೆರೆದವು.

ಎಕ್ಸೆಲ್ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ಅದು ಮಾಡುವ ಎಲ್ಲ ಹಾನಿ ಒಂದೇ ತರಹ ಅಲ್ಲ. ಹೋದ ಸೊನ್ನೆಯನ್ನು ವಾಪಸ್ ತರಬಹುದು, ಆರು ಅಂಕಿ ಇರಬೇಕು ಎಂದು ಗೊತ್ತಿರುವುದರಿಂದ. ಜೀನ್ ಹೆಸರು ತಾರೀಕಾದರೆ ಕಷ್ಟ. ಎಸ್ಇಪಿಟಿ2 ಎಂಬ ಜೀನ್ ಸೆಪ್ಟೆಂಬರ್ 2 ಆಗುತ್ತದೆ. ಎಂಎಆರ್‌ಸಿಎಚ್1 ಮಾರ್ಚ್ 1 ಆಗುತ್ತದೆ. ಎಂಎಆರ್‌ಸಿ1 ಎಂಬ ಬೇರೆಯೇ ಜೀನ್ ಕೂಡ ಅದೇ ಮಾರ್ಚ್ 1 ಆಗುತ್ತದೆ. ಆಮೇಲೆ ಯಾವುದು ಯಾವುದು ಎಂದು ಆ ಖಾನೆ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಇಲಿಯ ಅರೇಯಲ್ಲಿ ಇನ್ನೂ ಜಾಸ್ತಿ ತೊಂದರೆ. 2310009ಇ13 ತರಹದ, ಜಪಾನಿನ ರೈಕೆನ್ ಸಂಸ್ಥೆ ಕೊಟ್ಟ ಕ್ಲೋನ್ (ಡಿಎನ್‌ಎ ತುಣುಕು) ಹೆಸರಿನ ನಡುವೆ ಇರುವ ಇ ಅಕ್ಷರವನ್ನು ಎಕ್ಸೆಲ್ ಹತ್ತರ ಘಾತ ಎಂದು ಓದಿ 2.31ಇ+19 ಮಾಡಿಬಿಡುತ್ತದೆ. ಈ ಕಾಟ ಎಷ್ಟಾಯಿತೆಂದರೆ ಜೀನ್ ಹೆಸರಿಡುವ ಎಚ್‌ಜಿಎನ್‌ಸಿ ಸಮಿತಿಯೇ 2020ರಲ್ಲಿ ಇಂಥ ಜೀನ್‌ಗಳಿಗೆ ಹೊಸ ಹೆಸರಿನ ಕ್ರಮ ಹೇಳಿತು. ಎಸ್ಇಪಿಟಿ2 ಈಗ ಎಸ್ಇಪಿಟಿಐಎನ್2. ಆದರೆ ಹಳೇ ಡಿಸೈನ್ ಫೈಲ್‌ಗಳಲ್ಲಿ ಹಳೇ ಹೆಸರೇ ಇದೆ.

ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಎಕ್ಸೆಲ್ ತೆರೆದು, ಡೇಟಾ ಮೆನುವಿನಿಂದ ಫೈಲ್ ಒಳತನ್ನಿ, ಐಡಿ ಮತ್ತು ಹೆಸರಿನ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತಿಸಿ. ಇಳಿಸಿದ ಮೂಲ ಫೈಲನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಡಿ. ಹಾಳಾದದ್ದನ್ನು ರಿಪೇರಿ ಮಾಡುವುದಕ್ಕಿಂತ ಮೂಲದಿಂದ ಮತ್ತೆ ತೆಗೆಯುವುದೇ ಸುಲಭ.

ಪುಟ ತೆರೆದಿದೆ, ಜೀನ್ ಹೆಸರು ಖಾಲಿ

ಉಳಿದ ನಾಲ್ಕರಲ್ಲಿ ಮೂರನೆಯದು ಈ ಜಾತಿಯದು. ಐಡಿ ಸ್ಪೈಕ್-ಇನ್ ಪ್ರೋಬಿನದು, ಅಂದರೆ ಪ್ರಯೋಗ ಸರಿ ನಡೆಯಿತೇ ಎಂದು ನೋಡಲು ಮಾದರಿಗೆ ನಾವೇ ಸೇರಿಸುವ ಆರ್‌ಎನ್‌ಎಗೆ ಮಾಡಿದ್ದು. ಆ ಹುಡುಕು ಪುಟ ಜೀನ್ ಪ್ರೋಬ್‌ಗಳನ್ನು ಮಾತ್ರ ತೋರಿಸುವ ಹಾಗೆ ಫಿಲ್ಟರ್ ಆಗಿತ್ತು. ಫಿಲ್ಟರ್ ತೆಗೆದಾಗ ದಾಖಲೆ ಬಂತು, ಜೀನ್ ಹೆಸರಿಲ್ಲದೆ.

ಇದು ದೋಷವೇ ಅಲ್ಲ. ಅಜಿಲೆಂಟ್ ಫೈಲಿನಲ್ಲಿ ಕಂಟ್ರೋಲ್‌ಟೈಪ್ ಎಂಬ ಕಾಲಂ ನೋಡಿ. 0 ಇದ್ದರೆ ಜೀನಿನ ಪ್ರೋಬ್. 1 ಇದ್ದರೆ ಪಾಸಿಟಿವ್ ಕಂಟ್ರೋಲ್ (ಕಂಟ್ರೋಲ್ ಅಂದರೆ ಅರೇಯನ್ನು ಪರೀಕ್ಷಿಸಲೆಂದೇ ಇಟ್ಟ ಪ್ರೋಬ್). ಮೈನಸ್ 1 ಇದ್ದರೆ ನೆಗೆಟಿವ್. ಹೆಸರಿನಲ್ಲಿ ಇ1ಎ_ಆರ್60 ಎಂದಿದ್ದರೆ ಅದು ಅಡಿನೋವೈರಸ್ಸಿನ ಇ1ಎ ಆಧಾರದ ಸ್ಪೈಕ್-ಇನ್. ಡಾರ್ಕ್‌ಕಾರ್ನರ್, ಬ್ರೈಟ್‌ಕಾರ್ನರ್ ಎಂದಿದ್ದರೆ ಸ್ಕ್ಯಾನರಿಗೆ ಮೂಲೆ ಗುರುತಿಸಲು ಇಟ್ಟ ಚುಕ್ಕೆ. ಅಫಿಮೆಟ್ರಿಕ್ಸ್‌ನಲ್ಲಿ ಎಎಫ್‌ಎಫ್‌ಎಕ್ಸ್ ಎಂದು ಶುರುವಾಗುವವು ಇದೇ ಗುಂಪು. ಅದರಲ್ಲಿ ಬಯೋಬಿ, ಬಯೋಸಿ, ಬಯೋಡಿ ಎಂಬುವು ಇ. ಕೋಲೈ ಬ್ಯಾಕ್ಟೀರಿಯಾದ ಬಯೋಟಿನ್ ಜೀನ್‌ಗಳಿಂದ ಬಂದವು. ಮನುಷ್ಯನ ಜೀನ್ ಪಟ್ಟಿಯಲ್ಲಿ ಅವಕ್ಕೆ ಹೆಸರು ಹುಡುಕಿದರೆ ಹೇಗೆ ಸಿಗುತ್ತದೆ?

ಕಂಟ್ರೋಲ್ ಅಲ್ಲ, ಆದರೂ ಖಾಲಿ ಎಂದರೆ ಇನ್ನೊಂದು ಕಾರಣ ಇರುತ್ತದೆ. ಆ ಕಾಲದಲ್ಲಿ ಸಿಕ್ಕಿದ್ದ ಯಾವುದೋ ಇಎಸ್‌ಟಿ ತುಣುಕಿನ (ಜೀನಿನ ನಕಲಾದ ಎಂಆರ್‌ಎನ್‌ಎಯಿಂದ ಓದಿದ ಚಿಕ್ಕ ಸಾಲು) ಮೇಲೆ ಪ್ರೋಬ್ ಮಾಡಿರುತ್ತಾರೆ. ಅಂಥ ತುಣುಕುಗಳನ್ನು ಜೀನ್‌ವಾರು ಗುಂಪು ಮಾಡಿದ್ದ ಯುನಿಜೀನ್ ಡೇಟಾಬೇಸಿನ ಲಿಂಕ್ ಒತ್ತಿದರೆ ಏನೂ ಬರುವುದಿಲ್ಲ, ಎನ್‌ಸಿಬಿಐ 2019ರಲ್ಲಿ ಯುನಿಜೀನ್ ನಿಲ್ಲಿಸಿತು. ಅಲ್ಲಿಗೆ ಅಕ್ಷರಗಳನ್ನೇ ಕೇಳುವ ಸಮಯ ಬಂತು.

ಜಾಗ ತಾಳೆ ಆಗುವುದಿಲ್ಲ

ಬಸವನಗುಡಿ, ಚಾಮರಾಜಪೇಟೆಯ ಹಳೇ ಬೀದಿಗಳಲ್ಲಿ ಗೇಟಿನ ಮೇಲೆ ಎರಡು ನಂಬರ್ ನೋಡಿರುತ್ತೀರಿ. ಹಳೇದು ಒಂದು, ಹೊಸದು ಒಂದು. ಮನೆ ಅಲ್ಲೇ ಇದೆ, ನಂಬರ್ ಮಾತ್ರ ಬೇರೆ. ಜೀನೋಮ್ ಬಿಲ್ಡ್ (ಇಡೀ ಡಿಎನ್‌ಎ ನಕ್ಷೆಯ ಆವೃತ್ತಿ) ಅಂದರೆ ಇದೇ. ಎಚ್‌ಜಿ18 ಬಂದದ್ದು 2006ರ ಮಾರ್ಚ್‌ನಲ್ಲಿ, ಎಚ್‌ಜಿ19 ಬಂದದ್ದು 2009ರ ಫೆಬ್ರವರಿಯಲ್ಲಿ, ಎಚ್‌ಜಿ38 ಬಂದದ್ದು 2013ರ ಡಿಸೆಂಬರ್‌ನಲ್ಲಿ. ಪೇಪರ್ ಒಂದು ಬಿಲ್ಡಿನಲ್ಲಿ ಬರೆದಿದೆ, ಡೇಟಾಬೇಸ್ ಇನ್ನೊಂದರಲ್ಲಿ ತೋರಿಸುತ್ತಿದೆ. ಜಾಗದ ನಂಬರ್ ಬೇರೆ ಬಂದ ಕೂಡಲೇ ತಪ್ಪು ಅನ್ನಬೇಡಿ. ಎರಡೂ ಕಡೆ ಯಾವ ಬಿಲ್ಡ್ ಎಂದು ಮೊದಲು ಬರೆದಿಟ್ಟುಕೊಳ್ಳಿ.

ಒಂದು ಬಿಲ್ಡಿನ ನಂಬರನ್ನು ಇನ್ನೊಂದಕ್ಕೆ ತಿರುಗಿಸುವ ಲಿಫ್ಟ್‌ಓವರ್ ಸಾಧನ ಹಾಕಿ ನಂಬರ್ ಬದಲಿಸಬಹುದು. ನನಗೆ ಅದಕ್ಕಿಂತ ಪ್ರೋಬಿನ ಅಕ್ಷರಗಳನ್ನು ಯುಸಿಎಸ್‌ಸಿ ಜೀನೋಮ್ ತಾಣದ ಬ್ಲ್ಯಾಟ್ ಎಂಬ ಹುಡುಕು ಸಾಧನಕ್ಕೆ ಹಾಕಿ ಹೊಸ ಬಿಲ್ಡಿನಲ್ಲಿ ಎಲ್ಲಿ ಕೂರುತ್ತದೆ ಎಂದು ನೋಡುವುದೇ ಇಷ್ಟ. ನಂಬರಿನಿಂದ ನಂಬರಿಗೆ ಹೋಗುವಾಗ ಹಳೇ ತಪ್ಪೂ ಜೊತೆಗೆ ಬರುತ್ತದೆ.

ನೋಡಿದ ಕೂಡಲೇ ಕಾರಣ ಹೇಳುವ ಒಂದು ಲೆಕ್ಕ ಇದೆ. 60 ಅಕ್ಷರದ ಪ್ರೋಬಿನ ಕೊನೆಯ ನಂಬರಿನಿಂದ ಮೊದಲಿನ ನಂಬರ್ ಕಳೆಯಿರಿ. 59 ಬಂದರೆ ಎಣಿಕೆ ಒಂದರಿಂದ ಶುರುವಾಗಿದೆ. 60 ಬಂದರೆ ಬೆಡ್ ಫೈಲಿನ (ಜೀನೋಮಿನ ಜಾಗಗಳನ್ನು ಬರೆದಿಡುವ ಒಂದು ಬಗೆಯ ಫೈಲ್) ಹಾಗೆ ಸೊನ್ನೆಯಿಂದ ಶುರುವಾಗಿದೆ. ಎರಡು ಮೂಲಗಳ ನಡುವೆ ಸರಿಯಾಗಿ ಒಂದೇ ಒಂದು ಅಕ್ಷರದ ವ್ಯತ್ಯಾಸ ಇದ್ದರೆ ಕಾರಣ ಸಾಮಾನ್ಯವಾಗಿ ಇದು. ಸಾವಿರಗಟ್ಟಲೆ ಬಂದರೆ ಗಾಬರಿ ಬೇಡ. ಪ್ರೋಬ್ ಎರಡು ಎಕ್ಸಾನ್‌ಗಳು (ಎಂಆರ್‌ಎನ್‌ಎಯಲ್ಲಿ ಉಳಿಯುವ ಭಾಗಗಳು) ಕೂಡುವ ಕಡೆ ಮಾಡಿದ್ದು, ಜೀನೋಮಿನಲ್ಲಿ ನಡುವೆ ಇಂಟ್ರಾನ್ (ಕತ್ತರಿಸಿ ಹೋಗುವ ಭಾಗ) ಇದೆ. ಬ್ಲ್ಯಾಟ್ ಎರಡು ತುಂಡಾಗಿ ತೋರಿಸುತ್ತದೆ. ಮೈನಸ್ ಬಂದರೆ ಡಿಎನ್‌ಎಯ ಎರಡು ಎಳೆಗಳಲ್ಲಿ ಮೈನಸ್ ಎಳೆಯ ಪ್ರೋಬ್. ಅಜಿಲೆಂಟ್ ಪಟ್ಟಿಗಳಲ್ಲಿ ಅಂಥವಕ್ಕೆ ದೊಡ್ಡ ನಂಬರ್ ಮೊದಲು ಬರೆದಿರುತ್ತಾರೆ. ಇದನ್ನು ಗಮನಿಸದ ಸ್ಕ್ರಿಪ್ಟ್‌ಗಳು ಅಂಥ ಪ್ರೋಬ್‌ಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತವೆ.

ನಿಮ್ಮ ಸಾಫ್ಟ್‌ವೇರನ್ನೂ ವಿಚಾರಿಸಿ. ಐಐಎಸ್‌ಸಿಯ ಪ್ರಾಧ್ಯಾಪಕರು 2000ದಲ್ಲಿ ನಮ್ಮ ಊರಲ್ಲೇ ಕಟ್ಟಿದ ಸ್ಟ್ರಾಂಡ್ ಸಂಸ್ಥೆಯ ಅವಾಡಿಸ್ ವೇದಿಕೆಯ ಮೇಲೆ, ಅರೇ ಡೇಟಾ ವಿಶ್ಲೇಷಿಸುವ ಜೀನ್‌ಸ್ಪ್ರಿಂಗ್ ಜಿಎಕ್ಸ್ ಸಾಫ್ಟ್‌ವೇರಿನ ನಂತರದ ಆವೃತ್ತಿಗಳು ಬಂದವು ಎಂಬುದು ನನಗೆ ಈಗಲೂ ಖುಷಿ ಕೊಡುವ ವಿಷಯ. ಜೀನ್‌ಸ್ಪ್ರಿಂಗ್ ಪ್ರತಿ ಅರೇಯ ವಿವರವನ್ನು ಟೆಕ್ನಾಲಜಿ ಎಂಬ ಹೆಸರಲ್ಲಿ ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ. ನೀವು ಅಪ್‌ಡೇಟ್ ಮಾಡುವವರೆಗೆ ಅದು ಹಳೇ ವಿವರವನ್ನೇ ತೋರಿಸುತ್ತದೆ. ವೆಬ್‌ನಲ್ಲಿ ಒಂದು, ಸಾಫ್ಟ್‌ವೇರಿನಲ್ಲಿ ಇನ್ನೊಂದು ಬಂದರೆ ಇದನ್ನು ಮೊದಲು ನೋಡಿ.

ಅಕ್ಷರಗಳು ಎಲ್ಲಿಯೂ ಕೂರುವುದಿಲ್ಲ

ಸೀಕ್ವೆನ್ಸ್ ಕಾಪಿ ಮಾಡಿ ಹುಡುಕಿದರೆ ಏನೂ ಸಿಗಲಿಲ್ಲ. ಪ್ರೋಬೇ ತಪ್ಪು ಎಂದು ತೀರ್ಮಾನಿಸುವ ಮುಂಚೆ ಈ ಮೂರು ನೋಡಿ.

ಹುಡುಕುವ ಸಾಧನ ಮೊದಲನೆಯದು. ಕಮಾಂಡ್ ಸಾಲಿನಲ್ಲಿ ಬ್ಲಾಸ್ಟ್‌ಎನ್ (ಡಿಎನ್‌ಎ ಅಕ್ಷರಗಳನ್ನು ಹೋಲಿಸಿ ಹುಡುಕುವ ಎನ್‌ಸಿಬಿಐ ಸಾಧನ) ಓಡಿಸಿದರೆ, ಬೇರೆ ಹೇಳದಿದ್ದರೆ ಅದು ಮೆಗಾಬ್ಲಾಸ್ಟ್ ರೀತಿಯಲ್ಲಿ ಹುಡುಕುತ್ತದೆ. ಅದಕ್ಕೆ ಸಾಲಾಗಿ 28 ಅಕ್ಷರ ಕೂಡಿಬರಬೇಕು. ಅಫಿಮೆಟ್ರಿಕ್ಸ್ ಪ್ರೋಬಿನ ಉದ್ದವೇ 25. 25 ಅಕ್ಷರದಲ್ಲಿ 28 ಕೂಡುವುದು ಹೇಗೆ? ಎಷ್ಟು ಸಲ ಓಡಿಸಿದರೂ ಉತ್ತರ ಖಾಲಿಯೇ. ಬ್ಲಾಸ್ಟ್‌ಎನ್-ಶಾರ್ಟ್ ಎಂಬ ಟಾಸ್ಕ್ ಕೊಡಿ, ಅದು 7 ಅಕ್ಷರದಿಂದ ಶುರು ಮಾಡುತ್ತದೆ. ಅಜಿಲೆಂಟ್‌ನ 60, ಇಲ್ಯುಮಿನಾದ 50 ಅಕ್ಷರಗಳಿಗೆ ಈ ತೊಂದರೆ ಕಡಿಮೆ.

ಎಳೆಯ ದಿಕ್ಕು ಎರಡನೆಯದು. ಎ-ಟಿ-ಜಿ-ಸಿ-ಸಿ-ಎ ಎಂಬ ತುಣುಕು ತೆಗೆದುಕೊಳ್ಳಿ. ಎದುರು ಎಳೆಯಲ್ಲಿ ಅದನ್ನು ಓದಿದರೆ ಟಿ-ಜಿ-ಜಿ-ಸಿ-ಎ-ಟಿ. ಜೋಡಿ ಅಕ್ಷರ ಬದಲಿಸಬೇಕು, ಹಿಂದುಮುಂದೂ ಮಾಡಬೇಕು. ಬರೀ ಜೋಡಿ ಬದಲಿಸಿ ಟಿ-ಎ-ಸಿ-ಜಿ-ಜಿ-ಟಿ ಎಂದು ಹುಡುಕುವವರನ್ನು ನಾನು ತುಂಬಾ ನೋಡಿದ್ದೇನೆ. ಅದು ಬೇರೆಯೇ ಪದ. ಬ್ಲಾಸ್ಟ್ ತಾನೇ ಎರಡೂ ಎಳೆ ನೋಡುತ್ತದೆ, ಆದರೆ ಟೆಕ್ಸ್ಟ್ ಎಡಿಟರಿನಲ್ಲಿ ಫೈಂಡ್ ಒತ್ತಿ ಹುಡುಕಿದರೆ ನೋಡುವುದಿಲ್ಲ. ಇನ್ನೊಂದು ನೆನಪಿಡಿ. ಅಫಿಮೆಟ್ರಿಕ್ಸ್‌ನ ಹಳೇ 3-ಪ್ರೈಮ್ ಅರೇಗಳಲ್ಲಿ (ಎಂಆರ್‌ಎನ್‌ಎಯ ಕೊನೆಯ ತುದಿಗೆ ಪ್ರೋಬ್ ಮಾಡಿದವು) ಪ್ರೋಬ್ ಎಂಆರ್‌ಎನ್‌ಎ ದಿಕ್ಕಿನಲ್ಲೇ ಇರುತ್ತದೆ. ಆಮೇಲೆ ಬಂದ ಜೀನ್ ಎಸ್‌ಟಿ ಅರೇಗಳಲ್ಲಿ ಎದುರು ದಿಕ್ಕಿನಲ್ಲಿರುತ್ತದೆ. ಎರಡೂ ಚಿಪ್ ಒಟ್ಟಿಗೆ ಇಟ್ಟುಕೊಂಡು ಒಂದೇ ಸ್ಕ್ರಿಪ್ಟ್ ಓಡಿಸಿದರೆ ಒಂದು ಪೂರ್ತಿ ಸೋಲುತ್ತದೆ.

ಮೂರನೆಯದು ಹಳೇ ಅಫಿಮೆಟ್ರಿಕ್ಸ್ ಚಿಪ್ಪಿಗೆ ಮಾತ್ರ. ಅಲ್ಲಿ ಪ್ರತಿ ಸರಿ ಪ್ರೋಬಿನ ಜೊತೆ ಒಂದು ಮಿಸ್‌ಮ್ಯಾಚ್ ಪ್ರೋಬ್ ಇರುತ್ತದೆ. ನಡುವಿನ 13ನೇ ಅಕ್ಷರವನ್ನು ಬೇಕೆಂದೇ ಬದಲಿಸಿರುತ್ತಾರೆ. ಸರಿಯಾಗಿ ನಡುವೆ ಒಂದೇ ಅಕ್ಷರ ಕೂಡುತ್ತಿಲ್ಲ ಎಂದರೆ ನೀವು ಅದನ್ನು ಹಿಡಿದಿದ್ದೀರಿ.

ಜೀನ್ ಹೆಸರು ಬೇರೆ ಬರುತ್ತದೆ

ನನ್ನ ಗೋಡೆಯ ಮೇಲಿನ ಎರಡು ಐಡಿಗಳನ್ನೇ ನೋಡಿ. ಎ_23_ಪಿ100001ರ ಜೀನ್ ಈಗ ಎಫ್‌ಎಎಂ174ಬಿ. ಹಿಂದೆ ಅದೇ ಜೀನಿಗೆ ಎಲ್‌ಒಸಿ400451 ಎಂಬ ತಾತ್ಕಾಲಿಕ ಹೆಸರಿತ್ತು. ಎರಡೂ ಒಂದೇ. 1007_ಎಸ್_ಎಟಿ ಮೊದಲು ಡಿಡಿಆರ್1 ಒಂದೇ ಆಗಿತ್ತು. ಆ ಜೀನಿನ ಒಳಗೇ ಎಂಐಆರ್4640 ಎಂಬ ಪುಟ್ಟ ಆರ್‌ಎನ್‌ಎ ಇದೆ ಎಂದು ಗೊತ್ತಾದ ಮೇಲೆ ಪಟ್ಟಿಯಲ್ಲಿ ಎರಡು ಹೆಸರು ಬಂತು, ನಡುವೆ ಮೂರು ಓರೆಗೆರೆ. ಆ ಮೂರು ಗೆರೆಗಳನ್ನು ಒಂದೊಂದಾಗಿ ಒಡೆಯುವ ಸ್ಕ್ರಿಪ್ಟ್ ಇದ್ದರೆ ಖಾಲಿ ಹೆಸರಿನ ಜೀನ್‌ಗಳು ಹುಟ್ಟಿಕೊಳ್ಳುತ್ತವೆ. ಬರೀ ಮೊದಲ ಹೆಸರು ತೆಗೆದುಕೊಳ್ಳುವ ಸ್ಕ್ರಿಪ್ಟ್ ಇನ್ನೊಂದನ್ನು ಹೇಳದೆ ಬಿಡುತ್ತದೆ.

ಅಫಿಮೆಟ್ರಿಕ್ಸ್ ಐಡಿಯ ಬಾಲವನ್ನೂ ಓದಿ. ಬರೀ _ಎಟಿ ಇದ್ದರೆ ಒಂದು ಜೀನಿಗೆ ಮಾಡಿದ್ದು. _ಎಸ್_ಎಟಿ ಒಂದಕ್ಕಿಂತ ಹೆಚ್ಚು ಟ್ರಾನ್ಸ್‌ಕ್ರಿಪ್ಟ್‌ಗೆ (ಜೀನಿನ ಆರ್‌ಎನ್‌ಎ ನಕಲಿಗೆ) ಕೂಡುತ್ತದೆ. _ಎಕ್ಸ್_ಎಟಿ ಇದ್ದರೆ ಕೆಲವು ಪ್ರೋಬ್‌ಗಳು ಬೇರೆ ಜೀನ್‌ಗಳಿಗೂ ಅಂಟಬಹುದು ಎಂದು ತಯಾರಕರೇ ಎಚ್ಚರಿಸಿದ್ದಾರೆ ಎಂದರ್ಥ.

ಡಿಸೈನೇ ಕಾಣುತ್ತಿಲ್ಲ

ಕಸ್ಟಮ್ ಅರೇಗಳಲ್ಲಿ ಡಿಸೈನ್ ಖಾಸಗಿ. ಮಾಡಿಸಿದವರ ಲಾಗಿನ್‌ಗೆ, ಅವರ ಗುಂಪಿಗೆ ಮಾತ್ರ ಕಾಣುತ್ತದೆ. ನಾನು ಮೊದಲು ಕೆಲಸ ಮಾಡಿದ ಕಡೆ ಒಂದು ಬೆಳೆಯ ಅರೇ ಮಾಡಿಸಿದ್ದರು. ಡಿಸೈನ್ ಇದ್ದದ್ದು ಕೆಲಸ ಬಿಟ್ಟು ಹೋದ ಒಬ್ಬರ ಇಮೇಲ್ ಲಾಗಿನ್‌ನಲ್ಲಿ. ಸ್ಲೈಡ್‌ಗಳು ಫ್ರಿಜ್‌ನಲ್ಲಿ, ಸ್ಕ್ಯಾನ್ ಮಾಡಿದ ಡೇಟಾ ಡಿಸ್ಕ್‌ನಲ್ಲಿ, ಯಾವ ಚುಕ್ಕೆಯಲ್ಲಿ ಯಾವ ಅಕ್ಷರ ಎಂಬುದು ಮಾತ್ರ ನಮ್ಮ ಕೈಯಲ್ಲಿಲ್ಲ. ಅವರನ್ನು ಹುಡುಕಿ, ಪತ್ರ ಬರೆಸಿ, ಡಿಸೈನನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ವಾರಗಳೇ ಹಿಡಿದವು. ಆ ವಾರಗಳಲ್ಲಿ ಇಬ್ಬರು ವಿದ್ಯಾರ್ಥಿಗಳು ಕೈಕಟ್ಟಿ ಕೂತಿದ್ದರು. ಅದು ನನಗೆ ಈಗಲೂ ನೋವು. ಅರೇ ಆರ್ಡರ್ ಮಾಡಿದ ದಿನವೇ ಪೂರ್ತಿ ಡಿಸೈನ್ ಫೈಲ್, ಸೀಕ್ವೆನ್ಸ್ ಸಮೇತ, ಲ್ಯಾಬಿನ ಸರ್ವರಿಗೆ ಇಳಿಸಿ. ಗುಂಪಿನಲ್ಲಿ ಇಬ್ಬರಿಗಾದರೂ ಅನುಮತಿ ಇರಲಿ.

ತಯಾರಕರೂ ಇದ್ದಲ್ಲೇ ಇರುವುದಿಲ್ಲ. ರೋಶ್ 2007ರಲ್ಲಿ ಕೊಂಡ ನಿಂಬಲ್‌ಜೆನ್ ಅರೇ ವ್ಯಾಪಾರವನ್ನು ನಿಲ್ಲಿಸುವುದಾಗಿ 2012ರಲ್ಲಿ ಹೇಳಿತು. ಅಫಿಮೆಟ್ರಿಕ್ಸ್ 2016ರಲ್ಲಿ ಥರ್ಮೋ ಫಿಶರ್ ಪಾಲಾಯಿತು. ಹಳೇ ಪೇಪರಿನಲ್ಲಿ ಕೊಟ್ಟ ಲಿಂಕ್ ತೆರೆಯದಿದ್ದರೆ ಜಿಇಒದಲ್ಲಿ ಜಿಪಿಎಲ್ ನಂಬರಿನಿಂದ ಹುಡುಕಿ, ಅಥವಾ ಯುರೋಪಿನ ಅರೇಎಕ್ಸ್‌ಪ್ರೆಸ್ ಸಂಗ್ರಹದ ಎಡಿಎಫ್ ಎಂಬ ಡಿಸೈನ್ ಫೈಲ್ ನೋಡಿ. ನಿಂಬಲ್‌ಜೆನ್ ಆದರೆ ಎನ್‌ಡಿಎಫ್ ಎಂಬ ಫೈಲ್ ಸಿಕ್ಕರೆ ಸಾಕು, ಸೀಕ್ವೆನ್ಸ್ ಅದರಲ್ಲಿದೆ.

ಇಷ್ಟಾದರೂ ಆಗದಿದ್ದರೆ ಸಹಾಯ ವಿಭಾಗಕ್ಕೆ ಬರೆಯಿರಿ. ಸೈಟ್ ಕೆಲಸ ಮಾಡುತ್ತಿಲ್ಲ ಎಂದು ಒಂದು ಸಾಲು ಬರೆದರೆ ಅವರು ಮರುಪ್ರಶ್ನೆ ಕೇಳುವುದರಲ್ಲೇ ಎರಡು ದಿನ ಹೋಗುತ್ತದೆ. ಡಿಸೈನ್ ನಂಬರ್ ಸೊನ್ನೆ ಸಮೇತ, ತೆರೆಯದ ಒಂದು ಐಡಿ, ಅದೇ ಡಿಸೈನಿನಲ್ಲಿ ತೆರೆದ ಇನ್ನೊಂದು ಐಡಿ, ನೀವು ಕಂಡ ಸಂದೇಶದ ಚಿತ್ರ, ಬಿಲ್ಡ್, ದಿನ, ಹೊತ್ತು ಇಷ್ಟನ್ನೂ ಬರೆಯಿರಿ. ತೆರೆದ ಐಡಿ ಕೊಟ್ಟಿದ್ದರೆ ತೊಂದರೆ ಲಾಗಿನ್‌ನದಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಆ ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಕೊನೆಗೆ ಒಂದು ಉಳಿದಿತ್ತು. ಅದರ ಐಡಿಯಲ್ಲಿ ಒಂದು ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಇತ್ತು, ಪೇಪರಿನಿಂದ ಕೈಯಲ್ಲಿ ಬರೆದುಕೊಂಡದ್ದು. ತಿದ್ದಿದಾಗ ಪುಟ ತೆರೆಯಿತು, ಜೀನ್ ಹೆಸರೂ ಇತ್ತು. ಆಕೆಗೆ ಅಷ್ಟೇ ಸಾಕಿತ್ತು. ನಾನು ಆ 60 ಅಕ್ಷರಗಳನ್ನು ಎಚ್‌ಜಿ38 ಮೇಲೆ ಬ್ಲ್ಯಾಟ್ ಮಾಡಲು ಹೇಳಿದೆ. ಹನ್ನೆರಡು ಕಡೆ ಕೂತಿತು, ಆರು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿ, ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ. ಆ ಚುಕ್ಕೆ ಹೊಳೆದರೆ ಹೊಳೆಸಿದವರು ಯಾರು ಎಂದು ಹೇಳಲು ಬರುವುದಿಲ್ಲ. ಆಕೆ ಅದನ್ನು ಪಟ್ಟಿಯಿಂದ ತೆಗೆದು, ಕಾರಣ ಮತ್ತು ತಾರೀಕನ್ನು ಲ್ಯಾಬ್ ನೋಟ್‌ಬುಕ್ಕಿನಲ್ಲಿ ಬರೆದಳು. ಆಮೇಲೆ, ನಾನು ಹೇಳದೆಯೇ, ತೆರೆದಿದ್ದ ಉಳಿದ ಪ್ರೋಬ್‌ಗಳ ಅಕ್ಷರಗಳನ್ನೂ ಒಂದೊಂದಾಗಿ ಬ್ಲ್ಯಾಟ್‌ಗೆ ಹಾಕಲು ಶುರು ಮಾಡಿದಳು.